ಚಳಿಜ್ವರದ ಮದ್ದು ಮೋಜಿನ ಬಟ್ಟಲಿಗೆ ಬಂದ ಕಥೆ

1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ವಶವಾಯಿತು. ಟಿಪ್ಪು ಸುಲ್ತಾನ್ ಹೋರಾಡುತ್ತಲೇ ಮಡಿದ. ಗೆದ್ದ ಸೈನ್ಯ ಕಾವೇರಿಯ ಕವಲುಗಳ ನಡುವಿನ ಆ ದ್ವೀಪದಲ್ಲಿ ಬೀಡುಬಿಟ್ಟಿತು. ಆದರೆ ಕೋಟೆಯನ್ನು ಗೆದ್ದವರಿಗೆ ಅಲ್ಲಿನ ಚಳಿಜ್ವರವನ್ನು ಗೆಲ್ಲಲಾಗಲಿಲ್ಲ. ಸಿಪಾಯಿ, ಅಧಿಕಾರಿ ಎಂಬ ಭೇದವಿಲ್ಲದೆ ಅದು ಎಲ್ಲರನ್ನೂ ಹಾಸಿಗೆಗೆ ಕೆಡವಿತು. ಕೊನೆಗೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಲಾಯಿತು. ಬೆಂಗಳೂರು ದಂಡು ಪ್ರದೇಶ ಹುಟ್ಟಿಕೊಂಡಿದ್ದರ ಹಿಂದೆ ಈ ಜ್ವರದ ಪಾತ್ರವೂ ಇದೆ.

ಇಷ್ಟು ಇತಿಹಾಸ. ಇದರ ಬಾಲಕ್ಕೆ ಒಂದು ಕಥೆಯೂ ಅಂಟಿಕೊಂಡಿದೆ. ಜ್ವರಕ್ಕೆ ಮದ್ದಾದ ಕ್ವಿನೈನನ್ನು ಕಹಿ ತಾಳಲಾರದೆ ಉಗುಳುತ್ತಿದ್ದ ಬ್ರಿಟಿಷ್ ಸೈನಿಕರು ಅದಕ್ಕೆ ನೀರು, ಸಕ್ಕರೆ, ನಿಂಬೆರಸ ಸೇರಿಸಿ, ತಮಗೆ ಪ್ರಿಯವಾದ ಜಿನ್ ಬೆರೆಸಿ ಕುಡಿಯತೊಡಗಿದರಂತೆ. ಅದೇ ಮುಂದೆ ಜಗತ್ತಿನ ಅತ್ಯಂತ ಜನಪ್ರಿಯ ಮಿಶ್ರಪಾನೀಯಗಳಲ್ಲಿ ಒಂದಾದ 'ಜಿನ್ ಅಂಡ್ ಟಾನಿಕ್' ಆಯಿತಂತೆ. ಮೈಸೂರು ಸೀಮೆಯ ಜ್ವರದಿಂದ ಲಂಡನ್ನಿನ ಕ್ಲಬ್ಬಿನವರೆಗೆ ಒಂದೇ ಗೆರೆ ಎಳೆಯುವ ಈ ಕಥೆ ಕೇಳಲು ಸೊಗಸಾಗಿದೆ. ಆದರೆ ಇಸವಿಗಳು ಇದಕ್ಕೆ ಒಪ್ಪುವುದಿಲ್ಲ. ಶ್ರೀರಂಗಪಟ್ಟಣ ಬಿದ್ದಾಗ ಕ್ವಿನೈನ್ ಎಂಬ ವಸ್ತುವನ್ನು ಯಾರೂ ಬೇರ್ಪಡಿಸಿರಲಿಲ್ಲ. ಟಾನಿಕ್ ನೀರು ಬರಲು ಇನ್ನೂ ಆರು ದಶಕ ಕಾಯಬೇಕಿತ್ತು.

ಹಾಗಾದರೆ ಈ ಪಾನೀಯ ಹುಟ್ಟಿದ್ದು ಹೇಗೆ? ಕಹಿಯಾದ ಮದ್ದು ಜನರ ನಾಲಗೆಗೆ ಹಿಡಿಸಿದ್ದಾದರೂ ಏಕೆ?

ಆಂಡಿಸ್ ಬೆಟ್ಟದ ತೊಗಟೆ

ಕ್ವಿನೈನ್ ಸಿಗುವುದು ಸಿಂಕೋನಾ ಮರದ ತೊಗಟೆಯಲ್ಲಿ. ಇದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಇಳಿಜಾರು. ಇಂದಿನ ಪೆರು, ಎಕ್ವಡಾರ್, ಬೊಲಿವಿಯಾ ದೇಶಗಳ ಕಾಡು. ಹದಿನೇಳನೆಯ ಶತಮಾನದಲ್ಲಿ ಜೆಸ್ಯೂಟ್ ಪಾದ್ರಿಗಳು ಈ ತೊಗಟೆಯನ್ನು ಯುರೋಪಿಗೆ ತಲುಪಿಸಿದರು. ಪೆರುವಿನ ವೈಸ್‌ರಾಯ್ ಆಗಿದ್ದ ಚಿಂಚೋನ್ ಪ್ರಭುವಿನ ಪತ್ನಿ ಇದರಿಂದ ಜ್ವರ ವಾಸಿಯಾಗಿ ಇದನ್ನು ಸ್ಪೇನಿಗೆ ತಂದಳು ಎಂಬ ಐತಿಹ್ಯವನ್ನು ನಂಬಿ ಸಸ್ಯವಿಜ್ಞಾನಿ ಲಿನೇಯಸ್ 1742ರಲ್ಲಿ ಮರಕ್ಕೆ ಆಕೆಯ ಹೆಸರಿಟ್ಟ. ಬರೆಯುವಾಗ ಒಂದಕ್ಷರ ಬಿಟ್ಟುಹೋಗಿ 'ಚಿಂಚೋನಾ' ಆಗಬೇಕಿದ್ದುದು 'ಸಿಂಕೋನಾ' ಆಯಿತು. ಆ ಐತಿಹ್ಯವೂ ಸುಳ್ಳೆಂದು ಇತಿಹಾಸಕಾರರು ಆಮೇಲೆ ತೋರಿಸಿಕೊಟ್ಟರು. ಈ ಮರದ ಸುತ್ತ ಕಟ್ಟುಕಥೆ ಬೆಳೆದಿದ್ದು ಶ್ರೀರಂಗಪಟ್ಟಣದಲ್ಲೇ ಮೊದಲಲ್ಲ.

ತೊಗಟೆಯ ಪುಡಿಯನ್ನು ವೈನಿನಲ್ಲಿ ಕದಡಿ ಕುಡಿಸುವುದು ಯುರೋಪಿನ ವೈದ್ಯರ ರೂಢಿಯಾಗಿತ್ತು. ಯಾವ ತೊಗಟೆಯಲ್ಲಿ ಎಷ್ಟು ಸತ್ವವಿದೆಯೆಂಬುದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. 1820ರಲ್ಲಿ ಪ್ಯಾರಿಸ್ಸಿನ ಪೆಲೆತಿಯೆ ಮತ್ತು ಕವೆಂತು ಎಂಬ ಇಬ್ಬರು ಔಷಧಶಾಸ್ತ್ರಜ್ಞರು ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದ ಮೇಲೆ ಅಳೆದು ಕೊಡುವುದು ಸಾಧ್ಯವಾಯಿತು. 1854ರಲ್ಲಿ ವೈದ್ಯ ಬೈಕಿ ಎಂಬಾತ ಆಫ್ರಿಕದ ನೈಜರ್ ನದಿಯಲ್ಲಿ ಹಡಗು ನಡೆಸಿದಾಗ ಜೊತೆಗಿದ್ದವರಿಗೆಲ್ಲ ದಿನವೂ ಕ್ವಿನೈನ್ ಕೊಟ್ಟ. ಹಿಂದಿನ ಯಾತ್ರೆಗಳಲ್ಲಿ ಜ್ವರಕ್ಕೆ ಹೆಣಗಳು ಸಾಲುಗಟ್ಟಿದ್ದ ಆ ನದಿಯಿಂದ ಈ ಸಲ ಯುರೋಪಿಯನ್ನರೆಲ್ಲ ಜೀವಂತವಾಗಿ ಮರಳಿದರು. ಉಷ್ಣವಲಯವನ್ನು ಆಳಬೇಕಾದರೆ ತುಪಾಕಿಯಷ್ಟೇ ಈ ಕಹಿ ಪುಡಿಯೂ ಬೇಕೆಂಬುದು ಸಾಮ್ರಾಜ್ಯಗಳಿಗೆ ಮನದಟ್ಟಾಯಿತು.

ಬೀಜ ತಂದವನ ಪಾಡು

ಮರ ಆಂಡಿಸ್‌ನಲ್ಲಿ, ಜ್ವರ ಭಾರತದಲ್ಲಿ. ಆದ್ದರಿಂದ ಮರವನ್ನೇ ತರಲು ಹೊರಟರು. 1860ರ ಸುಮಾರಿಗೆ ಕ್ಲೆಮೆಂಟ್ಸ್ ಮಾರ್ಕಂ ನೇತೃತ್ವದಲ್ಲಿ ಬೀಜ ಮತ್ತು ಸಸಿಗಳು ಬಂದವು. ನಮ್ಮ ನೆರೆಯ ನೀಲಗಿರಿಯ ದೊಡ್ಡಬೆಟ್ಟ, ನಡುವಟ್ಟಂಗಳಲ್ಲಿ ಸರ್ಕಾರಿ ತೋಟಗಳು ಎದ್ದವು. ಡಾರ್ಜಿಲಿಂಗ್ ಸೀಮೆಯಲ್ಲೂ ತೋಟ ಬೆಳೆಯಿತು. ಆದರೆ ಹಾಗೆ ಬಂದ ತಳಿಗಳಲ್ಲಿ ಕ್ವಿನೈನ್ ಅಂಶ ಅಷ್ಟಾಗಿ ಇರಲಿಲ್ಲ.

ಸತ್ವಶಾಲಿ ತಳಿಯನ್ನು ಬಲ್ಲವನು ಬೊಲಿವಿಯಾದ ಮೂಲನಿವಾಸಿ ಮಾನ್ಯುಯೆಲ್ ಇಂಕ್ರಾ ಮಮಾನಿ. ಚಾರ್ಲ್ಸ್ ಲೆಡ್ಜರ್ ಎಂಬ ಇಂಗ್ಲಿಷ್ ವ್ಯಾಪಾರಿಗಾಗಿ ಆತ ಕಾಡು ಅಲೆದ. ವರ್ಷ ವರ್ಷವೂ ಹಿಮ ಬಿದ್ದು ಹೂ ಉದುರುತ್ತಿತ್ತು. ಬೀಜ ಸರಿಯಾಗಿ ಮಾಗುವವರೆಗೆ ಕಾದು, 1865ರಲ್ಲಿ ತಂದೊಪ್ಪಿಸಿದ. ಲೆಡ್ಜರ್ ಅದನ್ನು ಲಂಡನ್ನಿಗೆ ಕಳುಹಿಸಿದಾಗ ಬ್ರಿಟಿಷ್ ಸರ್ಕಾರ ಆಸಕ್ತಿ ತೋರಲಿಲ್ಲ. ಒಂದು ಪೌಂಡ್ ಬೀಜವನ್ನು ಡಚ್ಚರು 100 ಗಿಲ್ಡರ್‌ಗೆ ಕೊಂಡರು. ಅದು ಜಾವಾ ದ್ವೀಪದಲ್ಲಿ ಮೊಳೆತು ಮರವಾಗಿ, ಇಪ್ಪತ್ತನೆಯ ಶತಮಾನದ ಹೊತ್ತಿಗೆ ಜಗತ್ತಿನ ಕ್ವಿನೈನಿನ ಬಹುಪಾಲು ಡಚ್ಚರ ಕೈಯಲ್ಲಿತ್ತು. ತಳಿಗೆ ಲೆಡ್ಜರನ ಹೆಸರು ಬಂದಿತು. ಇನ್ನೊಮ್ಮೆ ಬೀಜ ತರಲು ಹೋದ ಮಮಾನಿ ಸಿಕ್ಕಿಬಿದ್ದ. ಸೆರೆಮನೆಯಲ್ಲಿ ಹೊಡೆತ ತಿಂದು ಹೊರಬಂದ ಸ್ವಲ್ಪ ದಿನಗಳಲ್ಲೇ ತೀರಿಕೊಂಡ. ತೊಗಟೆಯ ಇತಿಹಾಸದಲ್ಲಿ ಅವನ ಹೆಸರು ಬಹುಕಾಲ ಅಡಿಟಿಪ್ಪಣಿಯಲ್ಲೇ ಉಳಿಯಿತು.

ಸೋಡಾ, ಮಂಜುಗಡ್ಡೆ, ಕುದುರೆ ಪಂದ್ಯ

ಈಗ ಬಟ್ಟಲಿನ ಕಡೆಗೆ ಬರೋಣ. ಜಿನ್ ಎಂಬುದು ಧಾನ್ಯದ ಮದ್ಯಕ್ಕೆ ಜೂನಿಪರ್ ಕಾಯಿಯ ಪರಿಮಳ ಏರಿಸಿ ಮಾಡಿದ ಪಾನೀಯ. ಹಾಲೆಂಡಿನಿಂದ ಇಂಗ್ಲೆಂಡಿಗೆ ಬಂದ ಇದು ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಬಡವರ ಮನೆ ಹಾಳುಮಾಡಿ ಕುಖ್ಯಾತವಾಗಿತ್ತು. ಅದನ್ನು ಹದ್ದುಬಸ್ತಿನಲ್ಲಿಡಲು 1751ರಲ್ಲಿ ಕಾಯಿದೆಯೇ ಬಂತು. 1830ರಲ್ಲಿ ಈನಿಯಸ್ ಕಾಫಿ ಎಂಬಾತ ಭಟ್ಟಿ ಇಳಿಸುವ ಹೊಸ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಶುದ್ಧವಾದ, ಸಕ್ಕರೆ ಬೆರೆಸಬೇಕಿಲ್ಲದ ಜಿನ್ ಸಿಗತೊಡಗಿತು. ಹಿಂದಿನ ಸೂಳಿಗೇರಿಯ ಸರಕು ಮೆಲ್ಲನೆ ಮಾನವಂತರ ಮೇಜಿಗೆ ಏರಿತು. ಭಾರತದಲ್ಲಿದ್ದ ಸಾಮಾನ್ಯ ಬ್ರಿಟಿಷ್ ಸಿಪಾಯಿಗೆ ದೊರೆಯುತ್ತಿದ್ದುದು ಹೆಚ್ಚಾಗಿ ಸಾರಾಯಿ ಮತ್ತು ರಮ್. ಜಿನ್ ಅವನ ನಿತ್ಯದ ಪಾನೀಯವಾಗಿರಲಿಲ್ಲ.

ಟಾನಿಕ್ ನೀರಿನ ಪೇಟೆಂಟ್ ಪಡೆದವನು ಲಂಡನ್ನಿನ ಇರಾಸ್ಮಸ್ ಬಾಂಡ್, ವರ್ಷ 1858. ಅನಿಲ ತುಂಬಿದ ನೀರಿಗೆ ಕಹಿ ಸತ್ವ ಸೇರಿಸಿದ ಈ ಪಾನೀಯವನ್ನು ಜೀರ್ಣಕಾರಿ, ಶಕ್ತಿವರ್ಧಕ ಎಂದು ಮಾರಲಾಯಿತೇ ಹೊರತು ಮಲೇರಿಯಾದ ಮದ್ದೆಂದಲ್ಲ. ನಮ್ಮಲ್ಲಿ ನಿಶ್ಶಕ್ತಿಗೆ ವೈದ್ಯರು ಬರೆದುಕೊಡುವ 'ಟಾನಿಕ್' ಇದೆಯಲ್ಲ, ಮೂಲದಲ್ಲಿ ಇದಕ್ಕೂ ಅದೇ ಅರ್ಥ. 1870ರ ದಶಕದಲ್ಲಿ ಷ್ವೆಪ್ಸ್ ಕಂಪೆನಿ 'ಇಂಡಿಯನ್ ಕ್ವಿನೈನ್ ಟಾನಿಕ್' ಎಂಬ ಹೆಸರಿನ ಬಾಟಲಿಯನ್ನು ಹೊರತಂದಿತು. ಪಾನೀಯಕ್ಕೆ ಭಾರತದ ಮುದ್ರೆ ಗಟ್ಟಿಯಾಗಿ ಬಿದ್ದುದು ಆಗ.

ಸೆಕೆಯ ನಾಡಿನಲ್ಲಿ ಇದಕ್ಕೆ ಜೊತೆಯಾದದ್ದು ಮಂಜುಗಡ್ಡೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಹೊರಟ ಮಂಜುಗಡ್ಡೆ ನಾಲ್ಕು ತಿಂಗಳ ಪ್ರಯಾಣದ ಬಳಿಕ, ದಾರಿಯಲ್ಲಿ ಕರಗಿದ್ದು ಕಳೆದು, ಸುಮಾರು 100 ಟನ್ನಿನಷ್ಟು ಉಳಿದು ಕಲ್ಕತ್ತೆಯಲ್ಲಿ ಇಳಿಯಿತು. ಮದರಾಸಿನಲ್ಲಿ ಇದಕ್ಕೆಂದೇ ಕಟ್ಟಿದ 'ಐಸ್ ಹೌಸ್' ಇಂದಿಗೂ ಇದೆ. ಅದೀಗ ವಿವೇಕಾನಂದರ ಹೆಸರಿನ ಸ್ಮಾರಕ.

ಜಿನ್ ಮತ್ತು ಟಾನಿಕ್ ಜೊತೆಯಾಗಿ ಮುದ್ರಣದಲ್ಲಿ ಕಾಣಿಸಿಕೊಂಡ, ಈವರೆಗೆ ತಿಳಿದಿರುವ ಮೊದಲ ಉಲ್ಲೇಖ 1868ರದು. 'ಓರಿಯೆಂಟಲ್ ಸ್ಪೋರ್ಟಿಂಗ್ ಮ್ಯಾಗಜೀನ್' ಎಂಬ ಪತ್ರಿಕೆಯಲ್ಲಿ, ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್‌ನ ಕುದುರೆ ಪಂದ್ಯದ ವರದಿ. ಪಂದ್ಯ ಮುಗಿಸಿ ಹೊರಟ ಮಂದಿ ಕೇಳಿ ತರಿಸಿಕೊಂಡ ಪಾನೀಯಗಳಲ್ಲಿ ಇದೂ ಒಂದು. ಅಲ್ಲಿ ಜ್ವರವಿಲ್ಲ, ವೈದ್ಯನಿಲ್ಲ. ಬಿಸಿಲಿನಲ್ಲಿ ಬಾಯಾರಿದವರು, ಕುದುರೆ, ಪಣ, ಹರಟೆ ಇಷ್ಟೇ. ಪಾನೀಯದ ಹುಟ್ಟು ಆಸ್ಪತ್ರೆಯಲ್ಲಲ್ಲ, ಮೋಜಿನ ಮೈದಾನದಲ್ಲಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಲೆಕ್ಕವೂ ಇದನ್ನೇ ಹೇಳುತ್ತದೆ. ಮಲೇರಿಯಾಕ್ಕೆ ಕ್ವಿನೈನ್ ಚಿಕಿತ್ಸೆಯಲ್ಲಿ ವಯಸ್ಕರಿಗೆ ದಿನಕ್ಕೆ ಸುಮಾರು 1,800 ಮಿಲಿಗ್ರಾಂ ಬೇಕು. ಅಮೆರಿಕದಲ್ಲಿ ಟಾನಿಕ್ ನೀರಿನಲ್ಲಿ ಇರಬಹುದಾದ ಗರಿಷ್ಠ ಕ್ವಿನೈನ್ ಲೀಟರಿಗೆ 83 ಮಿಲಿಗ್ರಾಂ. ಅಂದರೆ ಜ್ವರ ಇಳಿಸಲು ದಿನಕ್ಕೆ 20 ಲೀಟರಿಗಿಂತ ಹೆಚ್ಚು ಟಾನಿಕ್ ಕುಡಿಯಬೇಕು, ಅದೂ ಏಳು ದಿನ! ಜೊತೆಗೆ ಜಿನ್ ಬೆರೆಸಿದರೆ ರೋಗಿಯ ಗತಿಯೇನೆಂದು ಹೇಳಬೇಕಾಗಿಲ್ಲ.

ಕಹಿಯೇಕೆ ಹಿತ?

ಮದ್ದಲ್ಲದಿದ್ದರೂ ಜನ ಇದನ್ನು ಮೆಚ್ಚಿದ್ದೇಕೆ? ಕಹಿ ಎಂಬುದು ನಾಲಗೆಗೆ ಪ್ರಕೃತಿ ಕೊಟ್ಟ ಎಚ್ಚರಿಕೆ. ಸಸ್ಯಗಳ ವಿಷ ಬಹುಮಟ್ಟಿಗೆ ಕಹಿಯಾಗಿರುವುದರಿಂದ ಕೂಸು ಅದನ್ನು ಉಗುಳುತ್ತದೆ. ಆದರೆ ಅಪಾಯವಿಲ್ಲವೆಂದು ಅನುಭವದಿಂದ ಅರಿತ ಮೇಲೆ ಮನುಷ್ಯ ಅದೇ ಕಹಿಯನ್ನು ಅರಸಿ ಹೋಗುತ್ತಾನೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕುವ, ಡಿಕಾಕ್ಷನ್ ಗಟ್ಟಿಯಾಗಿಲ್ಲವೆಂದು ಕಾಫಿಯನ್ನು ದೂರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಯುಗಾದಿಯ ಬೇವು-ಬೆಲ್ಲದಲ್ಲಿ ಎರಡೂ ಇರಬೇಕು. ಬರೀ ಬೆಲ್ಲಕ್ಕೆ ಆ ಅರ್ಥವಿಲ್ಲ.

ಕಾಕ್‌ಟೇಲ್ ಎಂಬ ಕಲ್ಪನೆಯ ಬುಡದಲ್ಲೇ ಈ ಜೋಡಿ ಇದೆ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಪತ್ರಿಕೆಯೊಂದು ಓದುಗರ ಪ್ರಶ್ನೆಗೆ ಉತ್ತರಿಸುತ್ತ, ಕಾಕ್‌ಟೇಲ್ ಎಂದರೆ ಮದ್ಯ, ಸಕ್ಕರೆ, ನೀರು ಮತ್ತು ಕಹಿ ಸತ್ವಗಳ ಮಿಶ್ರಣವೆಂದು ವಿವರಿಸಿತ್ತು. ಆ ಕಹಿ ಸತ್ವಗಳೂ ಔಷಧದ ಅಂಗಡಿಯಿಂದಲೇ ಬಂದವು. ಇಂದು ಜಗತ್ತಿನ ಬಾರುಗಳಲ್ಲೆಲ್ಲ ಕಾಣುವ 'ಅಂಗೊಸ್ತುರಾ' ಕಹಿ ಸತ್ವವನ್ನು 1824ರಲ್ಲಿ ತಯಾರಿಸಿದವನು ದಕ್ಷಿಣ ಅಮೆರಿಕದ ಬೊಲಿವಾರ್ ಸೈನ್ಯದ ವೈದ್ಯ. ಜಿನ್ ಅಂಡ್ ಟಾನಿಕ್‌ನಲ್ಲಿ ಆ ನಾಲ್ಕೂ ಇವೆ: ಜಿನ್ ಮದ್ಯ, ಸಕ್ಕರೆ, ನೀರು, ಕಹಿ ಮೂರೂ ಟಾನಿಕ್‌ನಲ್ಲೇ ಅಡಕ. ಬಾಟಲಿ ತೆರೆದು ಸುರಿದರೆ ಮುಗಿಯಿತು, ಕೈಚಳಕ ಬೇಡ. ಸಿಹಿ ನಾಲಗೆಯನ್ನು ಒಲಿಸುತ್ತದೆ, ಕಹಿ ಸಿಹಿಗೆ ಕಡಿವಾಣ ಹಾಕುತ್ತದೆ, ಗುಳ್ಳೆ ಮತ್ತು ತಂಪು ಬಾಯಾರಿಕೆ ತಣಿಸುತ್ತವೆ.

ಇದಕ್ಕೆಲ್ಲ ಮಿಗಿಲಾಗಿ, ಪಾನೀಯದೊಂದಿಗೆ ಒಂದು ಕಥೆಯೂ ಸಿಗುತ್ತದೆ. ಮೋಜಿಗಾಗಿ ಕುಡಿಯುವವನಿಗೂ ತಾನು ಔಷಧ ಸೇವಿಸುತ್ತಿದ್ದೇನೆಂಬ ಸಮಾಧಾನ. ಹಳೆಯ ಸಾಮ್ರಾಜ್ಯದ ಸಾಹಸದ ನೆನಪು. 2005ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಟಾನಿಕ್ ಕಂಪೆನಿಯೊಂದು ಸಿಂಕೋನಾದ ಅಡ್ಡಹೆಸರಾದ 'ಜ್ವರದ ಮರ'ವನ್ನೇ ತನ್ನ ಹೆಸರಾಗಿಸಿಕೊಂಡಿತೆಂದರೆ ಈ ಕಥೆಯ ಬೆಲೆ ತಿಳಿಯುತ್ತದೆ.

ಬಟ್ಟಲಿನ ಹೊರಗೆ

ಕಥೆಯಲ್ಲಿ ಸೇರದೆ ಹೋದವರೂ ಇದ್ದಾರೆ. ಜ್ವರ ಬರುತ್ತಿದ್ದುದು ಕ್ಲಬ್ಬಿನವರಿಗಷ್ಟೇ ಅಲ್ಲ. ಹಳ್ಳಿಯ ರೈತ, ತೋಟದ ಕೂಲಿ, ರೈಲುಹಾದಿ ಹಾಕಿದ ಕಾರ್ಮಿಕ ಎಲ್ಲರೂ ನಡುಗುತ್ತಿದ್ದರು. ಬಡವರಿಗೆ ಕೈಗೆಟುಕಲೆಂದು ಅಂಚೆ ಕಚೇರಿಗಳಲ್ಲಿ ಒಂದು ಪೈಸೆಗೆ ಒಂದು ಕ್ವಿನೈನ್ ಪೊಟ್ಟಣ ಮಾರುವ ವ್ಯವಸ್ಥೆ ಬಂಗಾಳದಲ್ಲಿ ಆರಂಭವಾದದ್ದು 1892ರಲ್ಲಿ. ಆ ವೇಳೆಗೆ ಟಾನಿಕ್ ಬಾಟಲಿ ಬಂದು ಮೂರು ದಶಕ ದಾಟಿತ್ತು.

ರೋಗದ ಗುಟ್ಟು ಬಯಲಾದದ್ದೂ ತಡವಾಗಿಯೇ. ಸೈನ್ಯದ ವೈದ್ಯ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ್ದ. 1897ರಲ್ಲಿ ಸಿಕಂದರಾಬಾದಿನಲ್ಲಿ ಆತ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡ. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ತೊಡಗಿದಾಗ ಆರಿಸಿಕೊಂಡ ಊರುಗಳಲ್ಲಿ ಮಲೆನಾಡಿನ ಮೂಡಿಗೆರೆಯೂ ಒಂದು. 1942ರಲ್ಲಿ ಜಪಾನ್ ಜಾವಾವನ್ನು ಆಕ್ರಮಿಸಿದಾಗ ಕ್ವಿನೈನಿಗೆ ಜಗತ್ತಿನಲ್ಲೆಲ್ಲ ಬರ ಬಂತು. ಸ್ವಾತಂತ್ರ್ಯ ಬಂದಾಗಲೂ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನ ಮಲೇರಿಯಾಕ್ಕೆ ತುತ್ತಾಗಿ, ಸುಮಾರು 8 ಲಕ್ಷ ಮಂದಿ ಸಾಯುತ್ತಿದ್ದರೆಂಬುದು ಅಂದಿನ ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಮೇಲಷ್ಟೇ ಆ ಸಂಖ್ಯೆ ಕುಸಿಯಿತು.

ಕ್ವಿನೈನಿನ ಸ್ಥಾನವನ್ನು ಇಂದು ಹೊಸ ಔಷಧಗಳು, ಮುಖ್ಯವಾಗಿ ಚೀನಾದ ತು ಯುಯು ಅವರ ಸಂಶೋಧನೆಯಿಂದ ಬಂದ ಆರ್ಟಿಮಿಸಿನಿನ್ ವರ್ಗದವು, ತುಂಬಿವೆ. ಮದ್ದಾಗಿ ಹಿಂದೆ ಸರಿದ ತೊಗಟೆ ರುಚಿಯಾಗಿ ಉಳಿದುಕೊಂಡಿದೆ. ಅತಿನೇರಳೆ ದೀಪದಡಿ ಟಾನಿಕ್ ಬಾಟಲಿ ಹಿಡಿದರೆ ಅದರೊಳಗಿನ ಕ್ವಿನೈನ್ ತಿಳಿನೀಲಿಯಾಗಿ ಹೊಳೆಯುತ್ತದೆ. ಬರಿಗಣ್ಣಿಗೆ ಕಾಣದ್ದು ಬೇರೊಂದು ಬೆಳಕಿನಲ್ಲಿ ಕಾಣುತ್ತದೆ. ಈ ಪಾನೀಯದ ಇತಿಹಾಸವೂ ಹಾಗೆಯೇ. ಕುದುರೆ ಪಂದ್ಯದ ಸಾಹೇಬರ ಹಿಂದೆ, ಹಿಮ ಬೀಳುವ ಕಾಡಿನಲ್ಲಿ ಬೀಜಕ್ಕಾಗಿ ಕಾದ ಮಮಾನಿ ಇದ್ದಾನೆ. ಅಂಚೆ ಕಚೇರಿಯ ಮುಂದೆ ಒಂದು ಪೈಸೆ ಹಿಡಿದು ನಿಂತ ಜ್ವರಪೀಡಿತನೂ ಇದ್ದಾನೆ.