ಓದಲಾರದ ಫ್ಲಾಪಿ

ನಮ್ಮ ಹೈಸ್ಕೂಲಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದಾಗ ನಾನು ಹತ್ತನೇ ತರಗತಿಯಲ್ಲಿದ್ದೆ. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಲ್ಲಿ ಇದನ್ನು ಆರಂಭಿಸಿತ್ತು. ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋದಂತೆ ಒಳಗೆ ಹೋಗುತ್ತಿದ್ದೆವು.

ಮುಂದೆ ಅದೇ ಶಾಲೆಗೆ ಮೇಡಂ ಆಗಿ ಬಂದೆ. ಒಮ್ಮೆ ಬೀರು ಖಾಲಿ ಮಾಡುವಾಗ ನಮ್ಮ ಗಣಿತದ ಮೇಷ್ಟ್ರು ಬರೆದಿಟ್ಟ ಪಾಠಗಳ ಎರಡು ಪೆಟ್ಟಿಗೆ ಫ್ಲಾಪಿ ಸಿಕ್ಕವು. ಯಂತ್ರಕ್ಕೆ ಹಾಕಿದರೆ ‘ಡಿಸ್ಕ್ ಫಾಲ್ಟ್ 18’ ಎಂದಿತು. ಹಾಳಾಗಿವೆ ಎಂದುಕೊಂಡು ಒಂದು ಪೆಟ್ಟಿಗೆಯನ್ನು ನಾನೇ ಸಹಿ ಹಾಕಿ ಗುಜರಿಗೆ ಕಳಿಸಿದೆ. ಮೇಷ್ಟ್ರು ಆಗಲೇ ತೀರಿಕೊಂಡಿದ್ದರು.

ರಿಪೇರಿ ಬಲ್ಲ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಮುಚ್ಚಳ ತೆಗೆದ. ‘ಮೇಡಂ, ಫ್ಲಾಪಿ ಸರಿಯಾಗಿದೆ. ಓದುವವನಿಗೇ ಓದು ಬರುವುದಿಲ್ಲ’ ಎಂದ. ಒಳಗಿದ್ದದ್ದು 40 ಕಾಲಿನ ಉದ್ದನೆಯ ಚಿಪ್ಪು, ಇಂಟೆಲ್‌ನ 8271. 1981ರಲ್ಲಿ ಬಿಡುಗಡೆಯಾದ ಬಿಬಿಸಿ ಮೈಕ್ರೋದಲ್ಲಿ ಫ್ಲಾಪಿ ಓದಲು ಆಕಾರ್ನ್ ಕಂಪನಿ ಆರಿಸಿದ್ದು ಅದನ್ನೇ. ಅದಕ್ಕೆ ಗೊತ್ತಿದ್ದದ್ದು ಒಂಟಿ ಸಾಂದ್ರತೆ ಮಾತ್ರ: 80 ಟ್ರ್ಯಾಕಿನ ಒಂದು ಮುಖದಲ್ಲಿ 200 ಕಿಲೋಬೈಟ್. ಆ ಚಿಪ್ಪು ದುಬಾರಿಯಾಗಿ, ಸಿಗುವುದೂ ಕಷ್ಟವಾಯಿತು. 1985ರ ಬಿ ಪ್ಲಸ್ ಮಾದರಿಗೆ ಆಕಾರ್ನ್ 28 ಕಾಲಿನ 1770 ಚಿಪ್ಪನ್ನು ತಂದಿತು. ಇದು ಜೋಡಿ ಸಾಂದ್ರತೆಯನ್ನೂ ಬಲ್ಲದು. ಅದೇ ಮುಖದಲ್ಲಿ 320 ಕಿಲೋಬೈಟ್ ಹಿಡಿಸುತ್ತದೆ. ಹಳೆಯ ಯಂತ್ರಗಳಿಗೆಂದು 8271ರ ಜಾಗದಲ್ಲೇ ಕೂರುವ ಪುಟ್ಟ 1770 ಬೋರ್ಡೂ ಬಂತು. ಓಪಸ್, ವಾಟ್‌ಫರ್ಡ್ ಮುಂತಾದ ಕಂಪನಿಗಳೂ ತಮ್ಮ ತಮ್ಮ ಬೋರ್ಡು ಮಾಡಿದವು. ಹೊರಗಿನಿಂದ ಎಲ್ಲ ಯಂತ್ರವೂ ಒಂದೇ.

ಗುರುತಿಸಲು ಮುಚ್ಚಳ ತೆಗೆಯಲೇಬೇಕೆಂದಿಲ್ಲ. ನಕ್ಷತ್ರ ಚಿಹ್ನೆಯ ಮುಂದೆ ‘ಹೆಲ್ಪ್’ ಎಂದು ಟೈಪು ಮಾಡಿದರೆ ಯಂತ್ರವೇ ಹೇಳುತ್ತದೆ. ಆಕಾರ್ನ್‌ನದೇ ಆದರೆ, ಡಿಎಫ್‌ಎಸ್ 0.90 ಅಥವಾ 1.20 ಎಂದು ಬಂದರೆ 8271. 2ರಿಂದ ಶುರುವಾದರೆ 1770. ಚಿಪ್ಪು ಬದಲಿಸಿದರೆ ಜೊತೆಗಿರುವ ರೋಮ್ ಚಿಪ್ಪನ್ನೂ ಬದಲಿಸಬೇಕು. ಒಂದರದು ಇನ್ನೊಂದಕ್ಕೆ ಆಗದು.

ಮೇಷ್ಟ್ರು ಆ ಪಾಠಗಳನ್ನು ತರಬೇತಿಗೆ ಹೋದಲ್ಲಿ, ಹೊಸ ಯಂತ್ರದಲ್ಲಿ, ಜೋಡಿ ಸಾಂದ್ರತೆಯಲ್ಲಿ ಬರೆದು ತಂದಿದ್ದರು. ಹುಡುಗ ಎಲ್ಲಿಂದಲೋ 1770 ಬೋರ್ಡು ಹುಡುಕಿ ತಂದು ಕೂರಿಸಿದ. ಉಳಿದ ಎಂಟು ಫ್ಲಾಪಿಗಳಲ್ಲಿ ಆರು ತೆರೆದುಕೊಂಡವು. ಪರದೆಯ ಮೇಲೆ ತ್ರಿಕೋನವೊಂದು ನಿಧಾನವಾಗಿ ಮೂಡಿತು.

ತರಗತಿಯಲ್ಲಿ ಮಗುವೊಂದು ‘ಅರ್ಥವಾಗಲಿಲ್ಲ ಮೇಡಂ’ ಎಂದಾಗ ಈಗ ನನಗೆ ಗುಜರಿಗೆ ಹೋದ ಆ ಪೆಟ್ಟಿಗೆ ನೆನಪಾಗುತ್ತದೆ.