ಆರೋಗ್ಯದ ಲೆಕ್ಕ: ಕರಾವಳಿಯಲ್ಲಿ ಒಂದು ವಿದ್ಯೆ ಬೆಳೆದ ಬಗೆ

ಮೂಡುಬಿದಿರೆ ಸಮೀಪದ ಮಿಜಾರಿನಿಂದ ಹಿಡಿದು ಮಂಗಳೂರಿನವರೆಗೆ ಎಂಜಿನಿಯರಿಂಗ್ ಕಾಲೇಜುಗಳು ಕೃತಕ ಬುದ್ಧಿಮತ್ತೆ, ದತ್ತಾಂಶ ವಿಜ್ಞಾನಗಳ ಶಾಖೆಗಳನ್ನು ತೆರೆದಿವೆ. ಹೊಸ ವಿದ್ಯೆ ಊರಿನ ಮಕ್ಕಳಿಗೆ ಊರಲ್ಲೇ ಸಿಗುವುದು ಸಂತೋಷದ ಸಂಗತಿ. ಅದರ ಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ಹಬ್ಬುತ್ತಿದೆ. ಆರೋಗ್ಯದ ದತ್ತಾಂಶ ವಿಜ್ಞಾನ ಮೊನ್ನೆ ಮೊನ್ನೆ ಹುಟ್ಟಿದ್ದು, ಆ್ಯಪ್ ಬರೆಯಬಲ್ಲವರು ಸಿಕ್ಕಿದರೆ ಮಿಕ್ಕದ್ದು ತಾನಾಗಿ ಆಗುತ್ತದೆ ಎಂಬ ನಂಬಿಕೆ ಅದು. ಈ ವಿದ್ಯೆಗೆ ಕರಾವಳಿಯಲ್ಲೇ 40 ವರ್ಷಗಳ ಇತಿಹಾಸವಿದೆ. ಆ ಇತಿಹಾಸಕ್ಕೆ ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆ, ಕೊಕ್ಕಡ ಗ್ರಾಮಗಳು ತೆತ್ತ ಬೆಲೆ ದೊಡ್ಡದು.

ಆರಂಭದ ಕತೆಯನ್ನು ಬೇಗ ಹೇಳಿ ಮುಗಿಸಬಹುದು. ಮಹಲನೋಬಿಸ್ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆ 1931ರಲ್ಲಿ, ಸಾರ್ವಜನಿಕ ಆರೋಗ್ಯದ ಅಖಿಲ ಭಾರತ ಸಂಸ್ಥೆ 1932ರಲ್ಲಿ, ಎರಡೂ ಕೋಲ್ಕತ್ತದಲ್ಲೇ ಶುರುವಾದವು. ಹಳೆಯ ಮೈಸೂರು ರಾಜ್ಯದಲ್ಲಿ 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ಜನಸಂಖ್ಯಾ ಅಧ್ಯಯನ ನಡೆಸಿದವು. 1959ರಲ್ಲಿ ಬೆಂಗಳೂರಿಗೆ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬಂತು. ಅದರ ತಂಡ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗಿ ಕ್ಷಯದ ಜಾಡು ಹಿಡಿಯಿತು. 1982ರಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಗರದ ಕ್ಯಾನ್ಸರ್ ನೋಂದಣಿ ಇಡುತ್ತಿದೆ. ಇದೆಲ್ಲ ಘಟ್ಟದ ಮೇಲಿನ ಮಾತು. ಮಣಿಪಾಲದಲ್ಲಿ 1953ರಿಂದ, ಮಂಗಳೂರಿನಲ್ಲಿ 1955ರಿಂದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ನಡೆಯುತ್ತಿದ್ದರೂ ಕರಾವಳಿಯಲ್ಲಿ ಅಂಕಿಅಂಶ ಬಹುಕಾಲ ‘ಪಿಎಸ್‌ಎಂ’ (ರೋಗತಡೆ ಮತ್ತು ಸಾಮಾಜಿಕ ವೈದ್ಯಶಾಸ್ತ್ರ) ವಿಷಯದ ಕೆಲವು ಪಾಠಗಳಾಗಿಯೇ ಉಳಿಯಿತು. ಸ್ನಾತಕೋತ್ತರ ವಿದ್ಯಾರ್ಥಿ ಪ್ರಬಂಧದ ಕೊನೆಯ ತಿಂಗಳಲ್ಲಿ ‘ಪಿ ವ್ಯಾಲ್ಯೂ’ ಕೇಳಿಕೊಂಡು ಸಂಖ್ಯಾಶಾಸ್ತ್ರಜ್ಞರ ಬಾಗಿಲಿಗೆ ಬರುತ್ತಿದ್ದ. ಅಧ್ಯಯನ ಶುರುವಾಗುವ ಮೊದಲು ಬಂದು ಕೂರುತ್ತಿದ್ದವರು ತೀರ ಕಡಿಮೆ.

ಈ ಕೊರತೆಯ ಬೆಲೆಯನ್ನು ತೋರಿಸಿದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಆ ವೈರಸ್ಸನ್ನು ಗುರುತಿಸಿತು. ಆ ಕಾಯಿಲೆ 25 ವರ್ಷಗಳ ಬಳಿಕ ಘಟ್ಟ ಇಳಿದು ಬೆಳ್ತಂಗಡಿಗೆ ಬಂತು. ನಿಡ್ಲೆ, ಪಟ್ರಮೆಯ ಕಡೆ ಸುಮಾರು 400 ಹೆಕ್ಟೇರ್ ಕಾಡು ಕಡಿದು ಗೇರು ತೋಟ ಮಾಡಲು ಹೊರಟ ಹೊತ್ತು ಅದು. ರೋಗ ಹರಡುವ ಕಾಡಿನ ಉಣ್ಣೆಗೆ ಕೂಲಿಯವರು, ಸೌದೆ ತರುವವರು, ದನ ಕಾಯುವವರು ಸುಲಭವಾಗಿ ಸಿಕ್ಕಿದರು. 1982-83ರ ಆ ಹಾವಳಿಗೆ ಸಂಶೋಧನಾ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಲೆಕ್ಕ 1555 ರೋಗಿಗಳು, 150 ಸಾವು.

ಆ 1555 ಜನ ಯಾರು, ಯಾವ ಮನೆಯವರು, ಯಾವ ದಿನ ಕಾಡಿಗೆ ಹೋಗಿದ್ದರು ಎಂಬುದನ್ನು ಕೂಡಿಸಿ ನೋಡುವ ಕೆಲಸ ತಾಲೂಕಿನೊಳಗೆ ಬೇರೂರಲಿಲ್ಲ. ಮಂಗಳೂರಿನ ವೈದ್ಯರು 100 ರೋಗಿಗಳ ಲಕ್ಷಣಗಳನ್ನು ಶ್ರದ್ಧೆಯಿಂದ ಅಭ್ಯಸಿಸಿ 1993ರಲ್ಲಿ ಪ್ರಕಟಿಸಿದರು. ಅದು ವೈದ್ಯರು ರೋಗಿಯನ್ನು ಓದಿದ ಬಗೆ. ಊರನ್ನು ಓದಿದ್ದು ಒಬ್ಬ ಮಾನವಶಾಸ್ತ್ರಜ್ಞ. ದಕ್ಷಿಣ ಕನ್ನಡದಲ್ಲಿ ಮೊದಲಿನಿಂದ ಕ್ಷೇತ್ರಕಾರ್ಯ ಮಾಡಿದ್ದ ಅಮೆರಿಕದ ಮಾರ್ಕ್ ನಿಕ್ಟರ್ 1987ರ ತಮ್ಮ ಲೇಖನದಲ್ಲಿ ಇದನ್ನು ಅಭಿವೃದ್ಧಿಯೇ ತಂದ ರೋಗವೆಂದು ನೋಡಿ, ಕಾಡು, ಗೇರು, ಕೂಲಿ, ಬಡತನಗಳನ್ನು ಒಟ್ಟಿಗೆ ಇಟ್ಟರು. ಬೆಳ್ತಂಗಡಿಯ ಹಾವಳಿಯ ಬಗ್ಗೆ ಇಂದಿಗೂ ಓದಲೇಬೇಕಾದ ಬರಹ ಅದು. ಕರಾವಳಿಯ ಸಮುದಾಯ ವೈದ್ಯಶಾಸ್ತ್ರದ ತರಗತಿಗಳಲ್ಲಿ ಅದಕ್ಕೊಂದು ಪೂರ್ತಿ ಪೀರಿಯಡ್ ಕೊಡಬೇಕು.

ಮಂಗನ ಕಾಯಿಲೆಯ ಲಸಿಕೆಯ ಕತೆ ಈ ವಿದ್ಯೆಯ ಬೆಲೆಯನ್ನು ಇನ್ನಷ್ಟು ಚೆನ್ನಾಗಿ ತೋರಿಸುತ್ತದೆ. 1990-92ರ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಿಗೆ ಶೇ. 94ರಷ್ಟು ರಕ್ಷಣೆ ಎಂದು ಲೆಕ್ಕ ಬಂದಿತ್ತು. ಶಿವಮೊಗ್ಗದಲ್ಲಿ ಈ ರೋಗದ ಜೊತೆಗೇ ಕೆಲಸ ಮಾಡುತ್ತಿದ್ದ ಜಿ.ಎಸ್. ಕಸಬಿ ಮತ್ತು ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯವರು 2005ರಿಂದ 2010ರವರೆಗಿನ ದಾಖಲೆಗಳನ್ನು ಹರಡಿಕೊಂಡು ಕೂತರು. ಅವರು 2013ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಎರಡು ಡೋಸಿನ ರಕ್ಷಣೆ ಶೇ. 62ರ ಆಸುಪಾಸು, ಬೂಸ್ಟರ್ ಸೇರಿದರೆ ಶೇ. 83. ಹೊಸ ಯಂತ್ರವೇನೂ ಇದಕ್ಕೆ ಬೇಕಾಗಲಿಲ್ಲ. ಆರೋಗ್ಯ ಇಲಾಖೆಯ ಕಪಾಟಿನಲ್ಲೇ ಇದ್ದ ದಾಖಲೆಗಳನ್ನು ತರಬೇತಾದ ಕಣ್ಣು ಓದಿತು, ಅಷ್ಟೇ. 2022ರಲ್ಲಿ ಆ ಲಸಿಕೆಯನ್ನು ಕೈಬಿಡಲಾಯಿತು.

ಮಂಗನ ಕಾಯಿಲೆಯ ಜಾಗಕ್ಕೇ ಎಂಡೋಸಲ್ಫಾನ್ ಬಂತು. ಕೊಕ್ಕಡ, ನಿಡ್ಲೆ, ಪಟ್ರಮೆಯ ಗೇರು ತೋಟಗಳ ಮೇಲೂ ಗಡಿಯಾಚೆ ಕಾಸರಗೋಡಿನ ತೋಟಗಳ ಮೇಲೂ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕೀಟನಾಶಕ ಅದು. ಎಣ್ಮಕಜೆ ಪಂಚಾಯತಿನ ವಾಣಿನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವವರಲ್ಲಿ ನರದೌರ್ಬಲ್ಯ, ಹುಟ್ಟು ನ್ಯೂನತೆ, ಕ್ಯಾನ್ಸರ್ ಲೆಕ್ಕಕ್ಕಿಂತ ಹೆಚ್ಚಿವೆಯೆಂದು ಗಮನಿಸಿ 1990ರ ದಶಕದಲ್ಲೇ ದನಿ ಎತ್ತಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಜಗತ್ತಿಗೆ ಮುಟ್ಟಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಅದೇ ಪಂಚಾಯತಿನ ಪಡ್ರೆ ಗ್ರಾಮದ 117 ಹುಡುಗರನ್ನು, ಸಿಂಪಡಣೆಯಿಲ್ಲದ ಬೇರೊಂದು ಗ್ರಾಮದ 90 ಹುಡುಗರ ಜೊತೆ ಹೋಲಿಸಿತು. ಪಡ್ರೆಯ ಹುಡುಗರು ಪ್ರೌಢರಾಗುವುದು ತಡವಾಗುತ್ತಿದೆ, ರಕ್ತದಲ್ಲಿ ಎಂಡೋಸಲ್ಫಾನ್ ಪ್ರಮಾಣ ಹೆಚ್ಚಿದೆ ಎಂಬ ಅದರ ವರದಿ 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಸಣ್ಣ ಅಧ್ಯಯನವೆಂಬ ಟೀಕೆ ಬಂದದ್ದು ನಿಜ. ಆದರೂ ಹೋಲಿಸಲು ಇನ್ನೊಂದು ಊರನ್ನು ಆಯ್ದುಕೊಂಡಿದ್ದೇ ಅದರ ಬಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು.

ಕರ್ನಾಟಕದ ಕಡೆ ಒತ್ತು ಬಿದ್ದದ್ದು ಬಾಧಿತರ ಪಟ್ಟಿ, ವೈದ್ಯಕೀಯ ಶಿಬಿರ, ಪರಿಹಾರ ಧನ, ಕೊಕ್ಕಡದ ಪಾಲನಾ ಕೇಂದ್ರಗಳ ಮೇಲೆ. ಆ ಕುಟುಂಬಗಳಿಗೆ ಇವೆಲ್ಲ ತಕ್ಷಣ ಬೇಕಾಗಿದ್ದವು, ಈಗಲೂ ಬೇಕು. ಆದರೆ ಪರಿಹಾರದ ಪಟ್ಟಿಯಲ್ಲಿ ಅಂಶ ಇರುತ್ತದೆ, ಛೇದ ಇರುವುದಿಲ್ಲ. ಎಷ್ಟು ಹೆರಿಗೆಗಳಲ್ಲಿ ಎಷ್ಟು ಮಕ್ಕಳು ಎಂಬುದು ಗೊತ್ತಿಲ್ಲದೆ, ಪಕ್ಕದ ತಾಲೂಕಿನ ಲೆಕ್ಕ ಎದುರಿಗಿಲ್ಲದೆ, ಆ ಪಟ್ಟಿ ಎಷ್ಟೇ ಉದ್ದವಾದರೂ ಸಿಂಪಡಣೆಯಿಂದಲೇ ರೋಗ ಹೆಚ್ಚಿತೇ ಎಂಬ ಪ್ರಶ್ನೆಗೆ ಉತ್ತರ ಕೊಡಲಾರದು.

ಛೇದವನ್ನೂ ಇಟ್ಟು ಲೆಕ್ಕ ಹಿಡಿಯುವುದನ್ನು ಕಲಿಸುವ ಶಾಲೆ ಕರ್ನಾಟಕದಲ್ಲೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ 1934ರಿಂದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಬರೆದ ದಾದಿಯರಿಗೆ ಸಂಶೋಧನೆಯ ಯೋಚನೆ ಇರಲಿಲ್ಲ. ಕೆಲಸದಲ್ಲಿ ಶಿಸ್ತು ಇತ್ತು. 1990ರ ದಶಕದಲ್ಲಿ ಸಂಶೋಧಕಿ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ರಿಜಿಸ್ಟರ್ ಹಿಡಿದು ಮನೆಮನೆಗೆ ಹೋಗಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ತೆಗೆದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗ, 3.1 ಕಿಲೋ ಮೀರಿದವರಲ್ಲಿ ಶೇ. 3. 1996ರಲ್ಲಿ ಲ್ಯಾನ್ಸೆಟ್ ಇದನ್ನು ಪ್ರಕಟಿಸಿತು. ಮೈಸೂರಿನವರು ಅಲ್ಲಿಗೇ ನಿಲ್ಲಿಸಲಿಲ್ಲ. 1997-98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಿಂದ ಶುರುವಾದ ಪಾರ್ಥೆನಾನ್ ಅಧ್ಯಯನವನ್ನು ಜಿ.ವಿ. ಕೃಷ್ಣವೇಣಿ ಮತ್ತು ಸ್ಥಳೀಯ ತಂಡ ಆ ಮಕ್ಕಳು ದೊಡ್ಡವರಾದ ಮೇಲೂ ನಡೆಸಿಕೊಂಡು ಬಂದರು. ಒಂದೇ ಜಾಗದಲ್ಲಿ, ಅದೇ ಜನರ ಜೊತೆ, ದಶಕಗಳ ಕಾಲ ನಿಲ್ಲುವ ಈ ತಾಳ್ಮೆಯನ್ನೇ ಕನ್ನಡ ನಾಡಿನ ಆರೋಗ್ಯ ದತ್ತಾಂಶ ವಿಜ್ಞಾನದ ಅತ್ಯುತ್ತಮ ಪರಂಪರೆ ಎನ್ನಬೇಕು.

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಹಿಡಿದದ್ದು ಇನ್ನೊಂದು ದಾರಿ. ಹೆರಿಗೆಯ ಬಳಿಕ ಎಷ್ಟು ರಕ್ತ ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳಿದರೆ ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತಾರೆ. ಅದಕ್ಕೆ ಅವರು ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ಹಳ್ಳಿಯ ಎಎನ್‌ಎಂಗಳು 1620 ತಾಯಂದಿರ ಹೆರಿಗೆಯಲ್ಲಿ ಅದನ್ನು ಹಾಸಿ ರಕ್ತ ಅಳೆದರು. ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಲ್ಲಿ ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿದದ್ದು 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಅಂಥದೇ ಅಳತೆಯ ಹಾಳೆ 2023ರಲ್ಲಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳ ದೊಡ್ಡ ಅಧ್ಯಯನದಲ್ಲೂ ಚಿಕಿತ್ಸಾಕ್ರಮದ ಮೊದಲ ಮೆಟ್ಟಿಲಾಯಿತು. ಬೆಳಗಾವಿಯ ಹಳ್ಳಿಗಳ ತಾಯಿ-ಮಗು ದಾಖಲೆಗಳು ಕೀನ್ಯಾ, ಜಾಂಬಿಯಾ, ಕಾಂಗೋಗಳ ದಾಖಲೆಗಳೊಂದಿಗೆ ಒಂದೇ ಅಂತಾರಾಷ್ಟ್ರೀಯ ಜಾಲದಲ್ಲಿ ಸೇರಿವೆ.

ಆಫ್ರಿಕಾದ ಹೆಸರು ಇಲ್ಲಿ ಬಂದದ್ದಕ್ಕೆ ಕಾರಣವಿದೆ. ಹಳ್ಳಿಗಳ ಗುಂಪೊಂದನ್ನು ಆರಿಸಿ, ಪ್ರತಿ ಹುಟ್ಟು, ಸಾವು, ವಲಸೆಯನ್ನು ವರ್ಷಗಟ್ಟಲೆ ಬರೆಯುವ ಕೇಂದ್ರಗಳನ್ನು ಒಂದುಗೂಡಿಸಿದ ಇಂಡೆಪ್ತ್ ಜಾಲ 1998ರಲ್ಲಿ ದಾರ್ ಎಸ್ ಸಲಾಮ್‌ನಲ್ಲಿ ಹುಟ್ಟಿತು. ಘಾನಾದ ನವ್ರೊಂಗೊ, ದಕ್ಷಿಣ ಆಫ್ರಿಕಾದ ಅಗಿನ್‌ಕೋರ್ಟ್ ಅದರ ಹೆಸರಾಂತ ಕೇಂದ್ರಗಳು. ಜಗತ್ತಿನ ಎಷ್ಟೋ ಆಸ್ಪತ್ರೆಗಳು ರೋಗಿಗಳ ದಾಖಲೆ ಇಡಲು ಬಳಸುವ ಓಪನ್‌ಎಂಆರ್‌ಎಸ್ ತಂತ್ರಾಂಶದ ಬೇರು ಕೀನ್ಯಾದ ಎಲ್ಡೊರೆಟ್‌ನಲ್ಲಿದೆ; ಭಾರತದಲ್ಲಿ ರೂಪುಗೊಂಡ ಬಹ್ಮನಿ ತಂತ್ರಾಂಶವನ್ನು ಅದರ ಮೇಲೆಯೇ ಕಟ್ಟಿದ್ದು. 2021ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಆಫ್ರಿಕಾದ ಆರೋಗ್ಯ ದತ್ತಾಂಶ ವಿಜ್ಞಾನಕ್ಕೆ ಐದು ವರ್ಷಕ್ಕೆ ಸುಮಾರು 7.5 ಕೋಟಿ ಡಾಲರ್ ಕೊಟ್ಟಾಗ, ಸಂಶೋಧನಾ ಕೇಂದ್ರಗಳ ಜೊತೆಗೆ ತರಬೇತಿ ಮತ್ತು ದತ್ತಾಂಶ ನೀತಿಯ ಅಧ್ಯಯನಕ್ಕೂ ಬೇರೆಯಾಗಿ ಹಣ ಇಟ್ಟವು. ಕಲಿಸುವುದಕ್ಕೆಂದೇ ಹಣ ಇಡುವ ಈ ಕ್ರಮ ನಮ್ಮ ವಿಶ್ವವಿದ್ಯಾಲಯಗಳಿಗೂ ಬರಬೇಕಾಗಿದೆ.

ಕರಾವಳಿಯ ಇತ್ತೀಚಿನ ಹೆಜ್ಜೆಗಳನ್ನೂ ಮೆಚ್ಚಬೇಕು. ಮಂಗಳೂರಿನಲ್ಲಿ 1990ರಿಂದ ಮತ್ತೆ ತಲೆಯೆತ್ತಿದ ಮಲೇರಿಯಾದ ಮೇಲೆ 2015ರಲ್ಲಿ ಹೊಸ ಕ್ರಮ ಬಂತು. ವೈದ್ಯ ಶಾಂತಾರಾಮ ಬಾಳಿಗ ಮತ್ತು ಸಂಗಡಿಗರು ಇಲ್ಲೇ ರೂಪಿಸಿದ ಟ್ಯಾಬ್ ವ್ಯವಸ್ಥೆಯಲ್ಲಿ, ರಕ್ತಪರೀಕ್ಷೆಯಲ್ಲಿ ರೋಗ ಸಿಕ್ಕ ಕೂಡಲೇ ಮನೆಯ ಜಾಗ ನಕ್ಷೆಯಲ್ಲಿ ಬರುತ್ತದೆ, ಆರೋಗ್ಯ ಕಾರ್ಯಕರ್ತ ಅಲ್ಲಿಗೆ ಹೋಗುತ್ತಾನೆ. ಕೆಲವೇ ವರ್ಷಗಳಲ್ಲಿ ನಗರದ ಮಲೇರಿಯಾ ಬಹಳ ಇಳಿಯಿತು. ಟ್ಯಾಬಿನ ಹಿಂದೆ ಮಲೇರಿಯಾವನ್ನು ವರ್ಷಗಟ್ಟಲೆ ಕಂಡ ವೈದ್ಯರೂ ಪಾಲಿಕೆಯ ಕಾರ್ಯಕರ್ತರೂ ಇದ್ದರು ಎಂಬುದನ್ನು ಸಂಕಿರಣಗಳಲ್ಲಿ ಹೇಳುವುದು ಕಡಿಮೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ಜ್ವರ ನಿಪಾ ಎಂದು ಮೊದಲು ಕಂಡುಹಿಡಿದದ್ದು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ. ಮಣಿಪಾಲದ ಪ್ರಸನ್ನ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ ಈಗ ದತ್ತಾಂಶ ವಿಜ್ಞಾನಕ್ಕೆಂದೇ ವಿಭಾಗವಿದೆ. ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸ್ ಕಡ್ಡಾಯವಾಗಿದೆ.

ಇಷ್ಟೆಲ್ಲ ನಡೆದರೂ ತಾಲೂಕು ಖಾಲಿಯಾಗಿಯೇ ಇದೆ. ಬಂಟ್ವಾಳದಲ್ಲಾಗಲಿ ಬೆಳ್ತಂಗಡಿಯಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ ಆಶಾ ಕಾರ್ಯಕರ್ತೆ ಬರೆದದ್ದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಯಿ-ಮಗು ಪೋರ್ಟಲಿಗೆ, ಕ್ಷಯದ ನಿಕ್ಷಯ್‌ಗೆ, ತಿಂಗಳ ವರದಿಗೆ ಹೋಗುತ್ತದೆ. ಮೇಲೆ ಹೋದ ಅಂಕಿ ಪ್ರಶ್ನೆಯಾಗಿ, ಉತ್ತರವಾಗಿ ಕೆಳಗೆ ಬರುವುದು ಅಪರೂಪ. ಜಿಲ್ಲೆಯಲ್ಲಿ ಸಾಂಕ್ರಾಮಿಕ ರೋಗ ತಜ್ಞರಿದ್ದಾರೆ; ತಾಲೂಕಿನಲ್ಲಿ ಅಂಕಿ ತುಂಬುವವರಿದ್ದಾರೆ, ಅದನ್ನು ಓದಿ ಅನುಮಾನಿಸುವವರು ಅಪರೂಪ. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿ ಇದೆ. ಆ ಪದವಿ ಮುಗಿಸಿದವರಿಗೆ ಬೆಂಗಳೂರಿನ ಕಂಪನಿಗಳ ದಾರಿ ಗೊತ್ತಿದೆ. ಪಕ್ಕದ ಆರೋಗ್ಯ ಕೇಂದ್ರದಲ್ಲಿ ತಮಗೂ ಕೆಲಸವಿದೆಯೆಂದು ಅವರಿಗೆ ಯಾರೂ ತೋರಿಸಿಲ್ಲ.

ಶುರು ಮಾಡಲು ಜಾಗವೂ ಇದೆ, ಪ್ರಶ್ನೆಯೂ ಇದೆ. 1980 ಮತ್ತು 1990ರ ದಶಕಗಳಲ್ಲಿ ಕೊಕ್ಕಡ, ನಿಡ್ಲೆ, ಪಟ್ರಮೆಯಲ್ಲಿ ಹುಟ್ಟಿದವರು ಈಗ ಮೂವತ್ತು, ನಲವತ್ತು ದಾಟುತ್ತಿದ್ದಾರೆ. ಅವರ ತಾಯಂದಿರು ಬಹುಮಟ್ಟಿಗೆ ಇನ್ನೂ ಊರಲ್ಲೇ ಇದ್ದಾರೆ. ಪಂಚಾಯತಿನ ಜನನ ಮರಣ ದಾಖಲೆ, ಶಾಲೆಯ ದಾಖಲಾತಿ ಪುಸ್ತಕ, ಉಳಿದಿರುವ ಹೆರಿಗೆ ರಿಜಿಸ್ಟರ್‌ಗಳನ್ನು ಒಟ್ಟುಗೂಡಿಸಿ, ಸಿಂಪಡಣೆ ಕಾಣದ ಬಂಟ್ವಾಳದ ಅಥವಾ ಮೂಡುಬಿದಿರೆಯ ಕೆಲವು ಗ್ರಾಮಗಳನ್ನು ಪಕ್ಕದಲ್ಲಿಟ್ಟು, ಮನೆಯವರ ಒಪ್ಪಿಗೆ ಪಡೆದು ಲೆಕ್ಕ ಹಿಡಿಯುವುದು ಉಜಿರೆ, ಕೊಣಾಜೆ, ಮಣಿಪಾಲಗಳು ಒಟ್ಟಾಗಿ ಮಾಡಬಹುದಾದ ಕೆಲಸ. ಕಾಗದಗಳು ಗೆದ್ದಲಿಗೆ ಸಿಗುವ ಮೊದಲು ಅವುಗಳ ಚಿತ್ರ ತೆಗೆದಿಡುವುದನ್ನು ಈ ಬೇಸಿಗೆ ರಜೆಯಲ್ಲೇ ವಿದ್ಯಾರ್ಥಿಗಳಿಂದ ಆರಂಭಿಸಬಹುದು.