ಮಂಗಳೂರಿನ ಕ್ಯಾಥೊಲಿಕ್ ವಿದ್ಯಾಶಾಲೆಗಳು

ಮಂಗಳೂರಿನ ಕ್ಯಾಥೊಲಿಕ್ ವಿದ್ಯಾಶಾಲೆಗಳೆಂದೊಡನೆ ಬಾವುಟಗುಡ್ಡೆಯ ಮೇಲಿನ ಸಂತ ಅಲೋಶಿಯಸ್ ಕಾಲೇಜು ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಊರಿನ ಕ್ಯಾಥೊಲಿಕರು ರೋಮಿಗೆ ಮತ್ತೆ ಮತ್ತೆ ಬಿನ್ನವಿಸಿಕೊಂಡುದರ ಫಲವಾಗಿ 1878ರ ಕೊನೆಯಲ್ಲಿ ಜೆಸ್ವಿಟ್ ಪಾದ್ರಿಗಳು ಅಲ್ಲಿಗೆ ಬಂದರು. 1880ರ ಜನವರಿಯಲ್ಲಿ ಈ ಸಂಸ್ಥೆಯನ್ನು ತೆರೆದರು. ಪ್ರೌಢಶಾಲೆಯ ತರಗತಿಗಳೂ ಕಾಲೇಜಿನ ತರಗತಿಗಳೂ ಅಲ್ಲಿ ಒಂದೇ ಮಾಡಿನಡಿಯಲ್ಲಿ ನಡೆದುವು.

ಆದರೆ ಕಾಲಗಣನೆಯಲ್ಲಿ ಹೆಣ್ಣುಮಕ್ಕಳ ಶಾಲೆಯೇ ಹಿರಿದು. 1870ರಲ್ಲಿ ಫ್ರಾನ್ಸಿನಿಂದ ಕಡಲು ದಾಟಿ ಬಂದ ಅಪೊಸ್ತಲಿಕ್ ಕಾರ್ಮೆಲ್ ಸಂನ್ಯಾಸಿನಿಯರು ಸಂತ ಆ್ಯನ್ ಶಾಲೆಯನ್ನು ಆಗಲೇ ಆರಂಭಿಸಿದ್ದರು. ಹತ್ತು ವರ್ಷ ಮೊದಲು ಹೊರಟವರು ಮುಂದೆ ತಲಪಬೇಕಾಗಿತ್ತಷ್ಟೆ? ಹಾಗಾಗಲಿಲ್ಲ. ಅದೇ ಸಂನ್ಯಾಸಿನಿಯರ ಪಂಗಡದ ಮದರ್ ಅಲೋಶಿಯಾ ಅವರು ಸ್ತ್ರೀಯರಿಗಾಗಿ ಸಂತ ಆಗ್ನೆಸ್ ಕಾಲೇಜನ್ನು ಸ್ಥಾಪಿಸಿದುದು 1921ರಲ್ಲಿ. ಬಾಲಕನಿಗೆ ಶಾಲೆಯ ಜೊತೆಯಲ್ಲಿಯೇ ದೊರೆತ ಕಾಲೇಜಿಗಾಗಿ ಬಾಲಕಿಯು 51 ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಮೊದಲ ವಿದ್ಯಾರ್ಥಿನಿಯರು ಅಜ್ಜಿಯರಾಗುವ ವಯಸ್ಸಿಗೆ ಬಂದಿದ್ದರು.

ವಿದ್ಯಾಸಂಸ್ಥೆಗಳ ಹಿರಿಮೆಯನ್ನು ಕಟ್ಟಡದ ಎತ್ತರದಿಂದ ಅಳೆಯುವುದು ರೂಢಿ. ನಾವಾದರೋ ಇನ್ನೊಂದನ್ನೂ ಕೇಳಬೇಕು: ಶಾಲೆಯ ಬಾಗಿಲು ತೆರೆದ ಮೇಲೆ, ಅದರಾಚೆಯ ಬಾಗಿಲು ಯಾರಿಗೆ ಎಷ್ಟು ಬೇಗ ತೆರೆಯಿತು? ಚರಿತ್ರೆಯಲ್ಲಿ ಮೊದಲ ಬಾಗಿಲಿನ ವರ್ಷವಷ್ಟೇ ಸಾಲದು.